ಅಲ್ಬೇನಿಯಾದ ಸೇನೆ 1939ರಲ್ಲೂ 1997ರಲ್ಲೂ ಕರಗಿಹೋದದ್ದೇಕೆ?

ಪ್ರಶ್ನೆ: ಇತಿಹಾಸಾಸಕ್ತ, ಧಾರವಾಡ

ಎಲ್ಲರಿಗೂ ನಮಸ್ಕಾರ. ಬಾಲ್ಕನ್ ದೇಶಗಳ ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಓದುತ್ತಿರುವಾಗ ಅಲ್ಬೇನಿಯಾದ ವಿಷಯದಲ್ಲಿ ಒಂದು ಸಂದೇಹ ಹುಟ್ಟಿದೆ. ತಿಳಿದವರು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಅಲ್ಬೇನಿಯನ್ನರಿಗೆ ಹೋರಾಟಗಾರರೆಂಬ ಹೆಸರು ಬಹಳ ಹಿಂದಿನಿಂದಲೂ ಇದೆ. ಸ್ಕಂದರ್‌ಬೆಗ್ 1443ರಲ್ಲಿ ಒಟ್ಟೊಮನ್ ಸುಲ್ತಾನನ ವಿರುದ್ಧ ದಂಗೆಯೆದ್ದವನು, 1468ರಲ್ಲಿ ತೀರಿಕೊಳ್ಳುವವರೆಗೂ ಸೋಲೊಪ್ಪಲಿಲ್ಲ. 1450ರಲ್ಲಿ ಎರಡನೆಯ ಮುರಾದ್ ತಾನೇ ದಂಡೆತ್ತಿ ಬಂದು ಕ್ರುಯಾ ಕೋಟೆಗೆ ಮುತ್ತಿಗೆ ಹಾಕಿದರೂ ಕೋಟೆ ಕೈವಶವಾಗಲಿಲ್ಲ. ಮುಂದೆ ಒಟ್ಟೊಮನ್ ಆಳ್ವಿಕೆಯ ಶತಮಾನಗಳಲ್ಲಿ ಅದೇ ಸಾಮ್ರಾಜ್ಯದ ಸೇನೆಗೆ ಅಲ್ಬೇನಿಯನ್ನರು ಸೈನಿಕರನ್ನೂ ಸೇನಾನಿಗಳನ್ನೂ ಒದಗಿಸಿದರು. ಈಜಿಪ್ಟಿನಲ್ಲಿ ರಾಜವಂಶವನ್ನೇ ಕಟ್ಟಿದ ಮಹಮದ್ ಅಲಿ ಅಲ್ಲಿಗೆ ಹೋದದ್ದು ಒಂದು ಅಲ್ಬೇನಿಯನ್ ದಳದ ಜೊತೆಗೆ. 1920ರಲ್ಲಿ ವ್ಲೋರಾ ನಗರದ ಸುತ್ತಲಿನ ಹಳ್ಳಿಗರು ಇಟಲಿಯ ಸೇನೆಯನ್ನು ಹಿಮ್ಮೆಟ್ಟಿಸಿದರು. 1944ರಲ್ಲಿ ಅಲ್ಬೇನಿಯನ್ ಪಾರ್ಟಿಸಾನರು (ಗೆರಿಲ್ಲಾ ಹೋರಾಟಗಾರರು) ಜರ್ಮನ್ನರ ಕೈಯಿಂದ ಟಿರಾನಾವನ್ನು ಬಿಡಿಸಿಕೊಂಡರು.

ಹೀಗಿದ್ದೂ, 1939ರ ಏಪ್ರಿಲ್ 7ರಂದು ಇಟಲಿ ದಾಳಿ ಮಾಡಿದಾಗ ರಾಜ್ಯದ ಅಧಿಕೃತ ಸೇನೆ ಒಂದು ವಾರವೂ ನಿಲ್ಲಲಿಲ್ಲ. 1997ರಲ್ಲಂತೂ ಹೊರಗಿನ ಶತ್ರುವೇ ಇಲ್ಲದೆ ಸೇನೆ ಕೆಲವೇ ವಾರಗಳಲ್ಲಿ ಕಣ್ಮರೆಯಾಯಿತು. ಶಸ್ತ್ರಾಗಾರಗಳು ಜನರ ಪಾಲಾದವು. ಜನ ಹೋರಾಡಿದಾಗ ಗೆದ್ದಿದ್ದಾರೆ, ಆದರೆ ಅವರದೇ ದೇಶದ ಸೇನೆ ಎಂಬ ಸಂಸ್ಥೆ ಎರಡು ಬಾರಿ ಕುಸಿದಿದೆ. ಇದಕ್ಕೆ ಕಾರಣವೇನು? ಆ ಸೇನೆಯ ನಿಜವಾದ ಪಾತ್ರ ದೇಶವನ್ನು ಕಾಯುವುದಾಗಿತ್ತೆ, ಅಥವಾ ಅಧಿಕಾರದಲ್ಲಿ ಇದ್ದವರನ್ನು ಕಾಯುವುದಾಗಿತ್ತೆ?

ಉತ್ತರ 1: ನಿವೃತ್ತ ಉಪನ್ಯಾಸಕ, ಮೈಸೂರು

ಪ್ರಶ್ನೆ ಬಹಳ ಒಳ್ಳೆಯದು. ನಾನು 1912ರಿಂದ 1939ರವರೆಗಿನ ಕಾಲವನ್ನಷ್ಟೇ ಕುರಿತು ಬರೆಯುತ್ತೇನೆ, ಏಕೆಂದರೆ ನೀವು ಹೇಳುವ ಮೊದಲ ಕುಸಿತದ ಬೇರುಗಳು ಅಲ್ಲಿವೆ.

1912ರ ನವೆಂಬರ್ 28ರಂದು ವ್ಲೋರಾದಲ್ಲಿ ಇಸ್ಮಾಯಿಲ್ ಕೆಮಾಲಿ ಸ್ವಾತಂತ್ರ್ಯವನ್ನು ಘೋಷಿಸಿದಾಗ ಮೊದಲನೆಯ ಬಾಲ್ಕನ್ ಯುದ್ಧ ನಡೆಯುತ್ತಿತ್ತು. ಉತ್ತರದಿಂದ ಸರ್ಬಿಯಾ ಮತ್ತು ಮಾಂಟೆನೆಗ್ರೋ, ದಕ್ಷಿಣದಿಂದ ಗ್ರೀಸ್ ಒಳನುಗ್ಗಿದ್ದವು. ಡಿಸೆಂಬರ್ 4ರಂದು ರಚನೆಯಾದ ತಾತ್ಕಾಲಿಕ ಸರ್ಕಾರ ತನ್ನ ಸೇನೆಯನ್ನೂ ಸ್ಥಾಪಿಸಿತು. ಇಂದಿಗೂ ಅಲ್ಲಿ ಸಶಸ್ತ್ರ ಪಡೆಗಳ ದಿನವನ್ನು ಆಚರಿಸುವುದು ಡಿಸೆಂಬರ್ 4ರಂದೇ. ಆದರೆ ಆ ಸರ್ಕಾರದ ಮಾತು ನಡೆಯುತ್ತಿದ್ದದ್ದು ವ್ಲೋರಾ ಮತ್ತು ಅದರ ಸುತ್ತಮುತ್ತ ಮಾತ್ರ. ತೆರಿಗೆ ಎತ್ತುವ ವ್ಯವಸ್ಥೆ ಇಲ್ಲದ ರಾಜ್ಯಕ್ಕೆ ಸೈನಿಕರಿಗೆ ಸಂಬಳ ಕೊಡಲು ಹಣವೆಲ್ಲಿಂದ ಬರಬೇಕು? ಬೆಟ್ಟಗಾಡಿನ ಕುಲಗಳು ತಮ್ಮ ಮುಖಂಡರ ಮಾತಿಗೆ ಬಂದೂಕು ಹಿಡಿಯುತ್ತಿದ್ದವೇ ಹೊರತು ದೂರದ ಮಂತ್ರಿಮಂಡಲದ ಆದೇಶಕ್ಕಲ್ಲ.

1913ರಲ್ಲಿ ಯೂರೋಪಿನ ಮಹಾಶಕ್ತಿಗಳು ಅಲ್ಬೇನಿಯಾದ ಗಡಿಯನ್ನು ತಾವೇ ಗೆರೆ ಎಳೆದು ತೀರ್ಮಾನಿಸಿ, ಜರ್ಮನಿಯ ವೀಡ್ ಮನೆತನದ ವಿಲ್ಹೆಲ್ಮ್‌ನನ್ನು ರಾಜಕುಮಾರನೆಂದು ಕಳುಹಿಸಿಕೊಟ್ಟವು. ಶಾಂತಿಪಾಲನೆಗೆ ಡಚ್ ಅಧಿಕಾರಿಗಳ ನೇತೃತ್ವದಲ್ಲಿ ಒಂದು ಸಶಸ್ತ್ರ ಪೊಲೀಸ್ ಪಡೆಯನ್ನು ಕಟ್ಟಲಾಯಿತು. ಮಧ್ಯ ಅಲ್ಬೇನಿಯಾದ ರೈತರು ಈ ವಿದೇಶಿ ರಾಜಕುಮಾರನ ವಿರುದ್ಧ ದಂಗೆಯೆದ್ದಾಗ, ಆ ಪಡೆಯ ಪ್ರಮುಖ ಅಧಿಕಾರಿ ಲೋಡ್ವೈಕ್ ಥಾಮ್ಸನ್ 1914ರ ಜೂನ್ 15ರಂದು ಡುರೆಸ್ ರಕ್ಷಣೆಯಲ್ಲಿ ಗುಂಡೇಟಿಗೆ ಬಲಿಯಾದರು. ಸೆಪ್ಟೆಂಬರ್ ವೇಳೆಗೆ ರಾಜಕುಮಾರನೂ ದೇಶ ಬಿಟ್ಟು ಹೊರಟ. ದೇಶದ ಮೊದಲ ಸಂಘಟಿತ ಪಡೆಯ ದಂಡನಾಯಕರು ಪರದೇಶಿಯರಾಗಿದ್ದರು, ಅದು ಕಾಯುತ್ತಿದ್ದ ಅರಸನೂ ಪರದೇಶಿಯೇ. ಈ ಸಂಗತಿಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

1920ರ ವ್ಲೋರಾ ಯುದ್ಧದ ಚಿತ್ರ ಇದಕ್ಕೆ ತೀರ ವಿರುದ್ಧವಾದದ್ದು. ಜನವರಿಯಲ್ಲಿ ಲುಶ್ನ್ಯಾದಲ್ಲಿ ಸೇರಿದ ಮಹಾಸಭೆ ಹೊಸ ಸರ್ಕಾರವನ್ನು ರಚಿಸಿತ್ತು, ಆದರೆ ಜೂನ್‌ನಲ್ಲಿ ಇಟಾಲಿಯನ್ನರ ಮೇಲೆ ಬಿದ್ದದ್ದು ಆ ಸರ್ಕಾರದ ಸೇನೆಯಲ್ಲ. ಒಸ್ಮಾನ್ ಹಾಜಿಯು ಮುಂತಾದವರ ಸಮಿತಿಯ ಕರೆಗೆ ಓಗೊಟ್ಟು ಬಂದ, ಕೆಲವು ಸಾವಿರದಷ್ಟಿದ್ದ ಸ್ವಯಂಸೇವಕರು. ಅವರ ಶೌರ್ಯವನ್ನು ಕಡಿಮೆ ಮಾಡದೆ ಇನ್ನೆರಡು ಕಾರಣಗಳನ್ನೂ ಹೇಳಬೇಕು. ಇಟಾಲಿಯನ್ ಶಿಬಿರಗಳಲ್ಲಿ ಮಲೇರಿಯಾ ಹಬ್ಬಿತ್ತು. ಮತ್ತು ಇಟಲಿಯ ಆಂಕೋನಾ ನಗರದಲ್ಲಿ ಬೆರ್ಸಲಿಯೇರಿ ದಳದ ಸೈನಿಕರು ಅಲ್ಬೇನಿಯಾಕ್ಕೆ ಹಡಗು ಹತ್ತಲು ನಿರಾಕರಿಸಿ ಬಂಡೆದ್ದರು. ಆಗಸ್ಟ್ ಆರಂಭದಲ್ಲಿ ಒಪ್ಪಂದವಾಗಿ ಇಟಲಿ ಹಿಂದೆ ಸರಿಯಿತು, ಸಾಜಾನ್ ದ್ವೀಪವೊಂದನ್ನು ಮಾತ್ರ ತನ್ನ ಬಳಿ ಉಳಿಸಿಕೊಂಡಿತು.

ಇನ್ನು ಅಹ್ಮದ್ ಜೋಗ್‌ನ ಕಾಲ. 1924ರ ಜೂನ್‌ನಲ್ಲಿ ಅಧಿಕಾರ ಕಳೆದುಕೊಂಡ ಆತ ಅದೇ ಡಿಸೆಂಬರ್‌ನಲ್ಲಿ ಯುಗೊಸ್ಲಾವಿಯಾದ ನೆರವಿನಿಂದ, ಬಾಲ್ಷೆವಿಕರಿಗೆ ಸೋತು ದೇಶ ಬಿಟ್ಟಿದ್ದ ರಷ್ಯನ್ ಸೈನಿಕರನ್ನೂ ಕಟ್ಟಿಕೊಂಡು ಹಿಂದಿರುಗಿದ. 1925ರಲ್ಲಿ ಅಧ್ಯಕ್ಷನಾದ, 1928ರಲ್ಲಿ ರಾಜನಾದ. ಯುಗೊಸ್ಲಾವಿಯಾದ ಹಂಗಿನಿಂದ ಬಿಡಿಸಿಕೊಳ್ಳಲು ಇಟಲಿಯತ್ತ ತಿರುಗಿ 1926 ಮತ್ತು 1927ರಲ್ಲಿ ಒಪ್ಪಂದಗಳನ್ನು ಮಾಡಿಕೊಂಡ. ಅಂದಿನಿಂದ ಸೇನೆಗೆ ಹಣ, ಆಯುಧ, ತರಬೇತಿ, ಸಲಹೆಗಾರರು ಎಲ್ಲವೂ ಇಟಲಿಯಿಂದ ಬಂದವು. ಅಲ್ಬೆರ್ತೋ ಪರಿಯಾನಿ ಎಂಬ ಇಟಾಲಿಯನ್ ಅಧಿಕಾರಿ ಆ ಪುನಾರಚನೆಯ ಮುಖ್ಯಸ್ಥನಾಗಿದ್ದ. ರಾಜನಿಗೆ ಇದರ ಅಪಾಯ ತಿಳಿದಿರಲಿಲ್ಲವೆಂದಲ್ಲ. ಪೊಲೀಸ್ ಪಡೆಯ ತರಬೇತಿಯನ್ನು ಆತ ಬ್ರಿಟಿಷ್ ಅಧಿಕಾರಿಗಳ ಕೈಗೆ ಕೊಟ್ಟದ್ದು, ಇಡೀ ಶಸ್ತ್ರಬಲ ಒಬ್ಬರ ಮುಷ್ಟಿಯಲ್ಲಿ ಇರಬಾರದೆಂಬ ಲೆಕ್ಕಾಚಾರದಿಂದಲೇ.

ಹೀಗಾಗಿ 1939ರ ಏಪ್ರಿಲ್‌ನಲ್ಲಿ ಆಕ್ರಮಣ ಮಾಡಿದವರು ಬೇರೆ ಯಾರೂ ಅಲ್ಲ, ಆ ಸೇನೆಯನ್ನು ಸಾಕಿ ಬೆಳೆಸಿದವರೇ. ರಾಜ ಗ್ರೀಸಿನತ್ತ ಹೊರಟುಹೋದ. ಡುರೆಸ್ ಬಂದರಿನಲ್ಲಿ ಮಾತ್ರ ಅಬಾಸ್ ಕುಪಿಯ ನೇತೃತ್ವದಲ್ಲಿ ಪೊಲೀಸರು, ಕೆಲವು ಸೈನಿಕರು ಮತ್ತು ನಾಗರಿಕರು ಕೆಲವು ಗಂಟೆ ಕಾಲ ನಿಜವಾಗಿ ಹೋರಾಡಿದರು. ನೌಕಾಪಡೆಯ ಮುಯೋ ಉಲ್ಚಿನಾಕು ಮೆಷಿನ್‌ಗನ್ ಬಿಡದೆ ಅಲ್ಲಿಯೇ ಮಡಿದ. ಇಟಲಿಯ ಸೇನೆಯಲ್ಲಿ ವಿಲೀನವಾದ ಅಲ್ಬೇನಿಯನ್ ಬಟಾಲಿಯನ್‌ಗಳು 1940ರ ಗ್ರೀಕ್ ಯುದ್ಧದಲ್ಲಿ ಮನಸ್ಸಿಟ್ಟು ಹೋರಾಡಲಿಲ್ಲವೆಂಬುದನ್ನೂ ಗಮನಿಸಿ. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. ಆ ಯುದ್ಧವೇ ಅವರದಾಗಿರಲಿಲ್ಲ.

ಉತ್ತರ 2: ಬಾಲ್ಕನ್ ಓದುಗ, ಮಂಗಳೂರು

ಮೇಲಿನ ಹಿರಿಯರು ಬರೆದುದನ್ನು ಒಪ್ಪುತ್ತೇನೆ. ಅಲ್ಲಿಂದ ಮುಂದೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಅಲ್ಬೇನಿಯಾದ ಇತಿಹಾಸದಲ್ಲಿ ಮೊದಲ ಬಾರಿಗೆ, ವಿದೇಶಿಯರು ಕಟ್ಟಿಕೊಡದ ಒಂದು ದೊಡ್ಡ ಸೇನೆ ಯುದ್ಧದ ನಡುವೆ ತಾನಾಗಿ ಬೆಳೆಯಿತು. ಅದು ಹುಟ್ಟಿನಿಂದಲೇ ಒಂದು ಪಕ್ಷದ, ಎಂದರೆ ಕಮ್ಯುನಿಸ್ಟ್ ಪಕ್ಷದ, ಸೇನೆಯಾಗಿತ್ತು.

1942ರ ಸೆಪ್ಟೆಂಬರ್‌ನಲ್ಲಿ ಪೆಜಾ ಎಂಬಲ್ಲಿ ನಡೆದ ಸಮಾವೇಶ ರಾಷ್ಟ್ರೀಯ ವಿಮೋಚನಾ ಚಳವಳಿಗೆ ರೂಪ ಕೊಟ್ಟಿತು. 1943ರ ಜುಲೈ 10ರಂದು ಲಾಬಿನೋಟ್‌ನಲ್ಲಿ ಸೇನಾ ಮುಖ್ಯ ಕಚೇರಿ ಸ್ಥಾಪನೆಯಾಯಿತು. ವೃತ್ತಿನಿರತ ಅಧಿಕಾರಿಯಾಗಿದ್ದ ಸ್ಪಿರೋ ಮೊಯ್ಸಿಯು ದಂಡನಾಯಕರಾದರು, ಮುಂದೆ ದೇಶವನ್ನು ಆಳಿದ ಕಮ್ಯುನಿಸ್ಟ್ ನಾಯಕ ಎನ್ವರ್ ಹೋಜಾ ರಾಜಕೀಯ ಕಮಿಸಾರ್ ಆದ. ಆಜ್ಞೆ ಮಾಡುವವನೊಬ್ಬ, ಅವನ ಮೇಲೆ ಪಕ್ಷದ ಕಣ್ಣಾಗಿ ಕೂರುವವನು ಇನ್ನೊಬ್ಬ ಎಂಬ ಈ ಜೋಡಿ ವ್ಯವಸ್ಥೆ ಮುಂದಿನ ದಶಕಗಳ ಕೀಲಿಕೈ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ ಮೆಹ್ಮೆತ್ ಶೆಹು ಮೊದಲ ಬ್ರಿಗೇಡಿನ ನಾಯಕನಾದ. ಇಟಲಿ 1943ರ ಸೆಪ್ಟೆಂಬರ್‌ನಲ್ಲಿ ಶರಣಾದ ಮೇಲೆ ಕೆಲವು ಇಟಾಲಿಯನ್ ಸೈನಿಕರೂ ಪಾರ್ಟಿಸಾನರ ಜೊತೆ ಸೇರಿದರು. ಸಾವಿರಾರು ಹೆಂಗಸರು ಬಂದೂಕು ಹಿಡಿದರು. ಇದೇ ಸಮಯದಲ್ಲಿ ಬಲ್ಲಿ ಕೊಂಬೆತಾರ್ ಎಂಬ ರಾಷ್ಟ್ರೀಯವಾದಿ ಗುಂಪಿನೊಂದಿಗೆ ರಕ್ತಪಾತದ ಅಂತರ್ಯುದ್ಧವೂ ನಡೆಯುತ್ತಿತ್ತು. 1944ರ ನವೆಂಬರ್ 17ರಂದು ಟಿರಾನಾ ಬಿಡುಗಡೆಯಾಯಿತು. ಆ ವಿಜಯ ನಿಜವಾದದ್ದು. ಸೋವಿಯತ್ ಸೇನೆ ಅಲ್ಬೇನಿಯಾದ ನೆಲಕ್ಕೆ ಕಾಲಿಡದೆಯೇ ದೊರೆತದ್ದು. ಹಾಗಾಗಿ ಯಾರ ಹಂಗೂ ತನಗಿಲ್ಲವೆಂಬ ಭಾವನೆ ಹೋಜಾನಲ್ಲಿ ಬಲವಾಗಿ ಬೇರೂರಿತು.

ಯುದ್ಧಾನಂತರದ ಮೊದಲ ದೊಡ್ಡ ಘಟನೆ ಕೋರ್ಫು ಕಾಲುವೆಯದು. 1946ರ ಅಕ್ಟೋಬರ್ 22ರಂದು ಎರಡು ಬ್ರಿಟಿಷ್ ಯುದ್ಧನೌಕೆಗಳು ಅಲ್ಬೇನಿಯಾದ ಕರಾವಳಿಯ ಬಳಿ ನೀರಿನಲ್ಲಿ ಹುದುಗಿಸಿದ್ದ ಸ್ಫೋಟಕಗಳಿಗೆ ತಗುಲಿ 44 ಮಂದಿ ಸತ್ತರು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ವಿಚಾರಣೆ ನಡೆಸಿದ ಮೊತ್ತಮೊದಲ ಮೊಕದ್ದಮೆ ಇದೇ. 1949ರ ತೀರ್ಪು, ಅಲ್ಬೇನಿಯಾಕ್ಕೆ ಗೊತ್ತಿಲ್ಲದೆ ಆ ಸ್ಫೋಟಕಗಳನ್ನು ಇಡಲು ಸಾಧ್ಯವಿರಲಿಲ್ಲವೆಂದು ಅದನ್ನು ಹೊಣೆಗಾರನನ್ನಾಗಿ ಮಾಡಿತು. ಬ್ರಿಟನ್ ಆಮೇಲೆ ಅಲ್ಬೇನಿಯಾದ ನೀರಿಗೆ ನುಗ್ಗಿ ಸ್ಫೋಟಕಗಳನ್ನು ತೆಗೆದದ್ದು ಆ ದೇಶದ ಸಾರ್ವಭೌಮತ್ವದ ಉಲ್ಲಂಘನೆಯೆಂದೂ ಹೇಳಿತು. ಸಮುದ್ರ ಕಾನೂನನ್ನು ಓದುವವರೆಲ್ಲ ಇಂದಿಗೂ ಈ ತೀರ್ಪನ್ನು ಓದಲೇಬೇಕು.

1955ರಲ್ಲಿ ಅಲ್ಬೇನಿಯಾ, ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದದ ಸ್ಥಾಪಕ ಸದಸ್ಯನಾಯಿತು. ವ್ಲೋರಾ ಕೊಲ್ಲಿಯ ಪಾಶಾಲಿಮಾನ್‌ನಲ್ಲಿ ಸೋವಿಯತ್ ಜಲಾಂತರ್ಗಾಮಿಗಳ ನೆಲೆಯಿತ್ತು. ಮೆಡಿಟರೇನಿಯನ್ ಕಡೆಗೆ ಸೋವಿಯತ್ ಒಕ್ಕೂಟಕ್ಕೆ ಅಂಥ ಅವಕಾಶ ಬೇರೆಲ್ಲೂ ಇರಲಿಲ್ಲ. 1961ರಲ್ಲಿ ಹೋಜಾ ಸೋವಿಯತ್ ನಾಯಕ ಕ್ರುಶ್ಚೇವ್‌ನೊಂದಿಗೆ ಸಂಬಂಧ ಕಡಿದುಕೊಂಡಾಗ ಸೋವಿಯತ್ತರು ಎಂಟು ಜಲಾಂತರ್ಗಾಮಿಗಳೊಂದಿಗೆ ಹೊರಟರು, ನಾಲ್ಕನ್ನು ಅಲ್ಬೇನಿಯಾ ತನ್ನಲ್ಲೇ ಉಳಿಸಿಕೊಂಡಿತು. ಚೆಕೊಸ್ಲೊವಾಕಿಯಾದ ಮೇಲೆ ಆಕ್ರಮಣ ನಡೆದ 1968ರಲ್ಲಿ ಅದು ಒಪ್ಪಂದದಿಂದ ವಿಧ್ಯುಕ್ತವಾಗಿ ಹೊರಬಂದಿತು. ಆಮೇಲೆ ಚೀನಾದ ಆಯುಧಗಳು ಬಂದವು. 1978ರಲ್ಲಿ ಅದೂ ನಿಂತುಹೋಯಿತು.

ನಿಮ್ಮ ಮೂಲ ಪ್ರಶ್ನೆಗೆ ಹತ್ತಿರದ ಸಂಗತಿ ಒಳಗೆ ನಡೆಯುತ್ತಿತ್ತು. 1966ರಲ್ಲಿ ಚೀನಾದ ಮಾದರಿಯಂತೆ ಸೇನೆಯಲ್ಲಿ ಹುದ್ದೆಯ ಅಂತಸ್ತುಗಳನ್ನೇ ರದ್ದುಮಾಡಿ ರಾಜಕೀಯ ಕಮಿಸಾರರನ್ನು ಮತ್ತೆ ತಂದರು. ಮತ್ತೆ ಅಂತಸ್ತುಗಳು ಬಂದದ್ದು 1991ರಲ್ಲಿ, ಕಮ್ಯುನಿಸ್ಟ್ ಆಳ್ವಿಕೆ ಮುಗಿಯುತ್ತ ಬಂದಾಗ. 1953ರಿಂದ ರಕ್ಷಣಾ ಮಂತ್ರಿಯಾಗಿದ್ದ ಬೆಕಿರ್ ಬಲುಕುವನ್ನು 1974ರಲ್ಲಿ ಸೇನಾ ಪಿತೂರಿಯ ಆರೋಪದ ಮೇಲೆ ತೆಗೆದುಹಾಕಿ, 1975ರಲ್ಲಿ ಸೇನಾ ಮುಖ್ಯಸ್ಥ ಪೆತ್ರಿತ್ ದುಮೆ ಮತ್ತು ಸೇನೆಯ ರಾಜಕೀಯ ವಿಭಾಗದ ಮುಖ್ಯಸ್ಥ ಹಿತೋ ಚಾಕೋ ಅವರೊಂದಿಗೆ ಗುಂಡಿಕ್ಕಿ ಕೊಂದರು. ಮೂವರೂ ಹಳೆಯ ಪಾರ್ಟಿಸಾನರು. ಶತ್ರುವಿನ ಮುಂದೆ ಮಡಿದ ಸೇನಾನಿಗಳನ್ನು ಯಾವ ದೇಶವೂ ಗೌರವಿಸುತ್ತದೆ. ಇಲ್ಲಿ ದೇಶವನ್ನು ಬಿಡಿಸಿದ ಸೇನಾನಿಗಳನ್ನು ಅವರದೇ ಸರ್ಕಾರ ಗೋಡೆಗೆ ನಿಲ್ಲಿಸಿತು. ಇದನ್ನು ಕಂಡ ಕೆಳಗಿನ ಅಧಿಕಾರಿಗಳು ಮುಂದೆ ಸ್ವಂತ ಬುದ್ಧಿಯಿಂದ ಒಂದು ಮಾತನ್ನಾದರೂ ಆಡುವರೆ?

ಪ್ರಶ್ನೆ ಕೇಳಿದವರು: ಇತಿಹಾಸಾಸಕ್ತ, ಧಾರವಾಡ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಲುಕು ಪ್ರಸಂಗದ ಬಗ್ಗೆ ಓದುವಾಗ ದೇಶದ ತುಂಬ ಕಾಂಕ್ರೀಟ್ ಬಂಕರ್‌ಗಳನ್ನು ಕಟ್ಟುವ ಹೋಜಾನ ಯೋಜನೆಯನ್ನು ಅವನು ಒಪ್ಪಿರಲಿಲ್ಲವೆಂಬ ಮಾತು ಕಣ್ಣಿಗೆ ಬಿತ್ತು. ಸೇನಾದೃಷ್ಟಿಯಿಂದ ಆ ಬಂಕರ್‌ಗಳಿಗೆ ಅರ್ಥವಿತ್ತೆ? ಮತ್ತು 1997ರ ವಿಚಾರವನ್ನು ಯಾರಾದರೂ ವಿವರಿಸಬೇಕೆಂದು ಮತ್ತೊಮ್ಮೆ ಕೋರುತ್ತೇನೆ.

ಉತ್ತರ 3: ಸೇನಾ ವಿಷಯಾಸಕ್ತೆ, ಬೆಳಗಾವಿ

ಮೊದಲು ಬಂಕರ್‌ಗಳ ಮಾತು. ಕೇವಲ 28,748 ಚದರ ಕಿಲೋಮೀಟರ್ ವಿಸ್ತೀರ್ಣದ, ಆಗ ಮೂವತ್ತು ಲಕ್ಷವನ್ನೂ ಮುಟ್ಟದ ಜನಸಂಖ್ಯೆಯ ದೇಶದಲ್ಲಿ ಸುಮಾರು 1,73,000 ಬಂಕರ್‌ಗಳನ್ನು ಕಟ್ಟಿದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಎಂದರೆ ಚದರ ಕಿಲೋಮೀಟರಿಗೆ ಸುಮಾರು ಆರು. ಜೋಸಿಫ್ ಜಗಾಲಿ ಎಂಬ ಎಂಜಿನಿಯರ್ ರೂಪಿಸಿದ, ಅಣಬೆಯ ತಲೆಯಂಥ ಕಾಂಕ್ರೀಟ್ ಗುಮ್ಮಟದ ಚಿಕ್ಕ ಬಂಕರ್‌ನಲ್ಲಿ ಒಬ್ಬಿಬ್ಬರಿಗೆ ಮಾತ್ರ ಜಾಗ. ಗುಂಡು ತಗುಲಿದರೆ ಜಾರಿಹೋಗಬೇಕೆಂದೇ ಆ ಗುಂಡನೆಯ ಆಕಾರ. ಆ ಎಂಜಿನಿಯರನನ್ನೂ ಕೊನೆಗೆ ಅದೇ ಸರ್ಕಾರ ಸೆರೆಮನೆಗೆ ತಳ್ಳಿತು.

ಒಂದೊಂದೇ ಬಂಕರ್ ಗಟ್ಟಿಯಾದದ್ದೇ. ದೋಷವಿದ್ದದ್ದು ಒಟ್ಟು ಯೋಚನೆಯಲ್ಲಿ. 1943-44ರಲ್ಲಿ ಪಾರ್ಟಿಸಾನರು ಗೆದ್ದದ್ದು ಒಂದೇ ಕಡೆ ಕೂರದೆ, ಬೆಟ್ಟದಿಂದ ಬೆಟ್ಟಕ್ಕೆ ಸರಿಯುತ್ತ, ಶತ್ರುವಿಗೆ ಗುರಿ ಸಿಗದಂತೆ ನಡೆದುಕೊಂಡದ್ದರಿಂದ. ಆ ಅನುಭವವಿದ್ದ ಬಲುಕು ಮುಂತಾದವರು ಚಲನಶೀಲ ಹೋರಾಟದ ಪರವಾಗಿದ್ದರು. ಹೋಜಾ ಮಾತ್ರ ಪ್ರತಿಯೊಬ್ಬ ನಾಗರಿಕನನ್ನೂ ಒಂದೊಂದು ಕಾಂಕ್ರೀಟ್ ಗೂಡಿನಲ್ಲಿ ಕೂರಿಸಿ ಅಂಗುಲ ಅಂಗುಲ ನೆಲವನ್ನೂ ಕಾಯಿಸಲು ಹೊರಟ. ಚದುರಿಹೋದ ಅಷ್ಟೊಂದು ಗೂಡುಗಳಿಗೆ ಮದ್ದುಗುಂಡು, ಅನ್ನ, ಆದೇಶಗಳನ್ನು ತಲುಪಿಸುವುದು ಯಾವ ಸೇನೆಗೂ ಕಷ್ಟ. ಮನೆ, ರಸ್ತೆಗಳಿಗೆ ಹೋಗಬೇಕಾಗಿದ್ದ ಸಿಮೆಂಟು, ಕಬ್ಬಿಣ ಅವುಗಳಲ್ಲಿ ಹೂತುಹೋಯಿತು. ಆದರೂ ಅವುಗಳಿಂದ ಒಂದು ಕೆಲಸ ನಡೆಯಿತೆಂಬುದು ನನ್ನ ನಂಬಿಕೆ: ಶತ್ರು ನಾಳೆಯೇ ಬರುವನೆಂಬ ಭಯವನ್ನು ಪ್ರತಿ ಹೊಲದಲ್ಲೂ ಪ್ರತಿ ಅಂಗಳದಲ್ಲೂ ಕಣ್ಣೆದುರು ಇರಿಸಿ ಜನರನ್ನು ಹದ್ದುಬಸ್ತಿನಲ್ಲಿಡಲು ಸಾಧ್ಯವಾಯಿತು.

1997ರ ವಿಷಯದಲ್ಲಿ ಮಾತ್ರ ಪ್ರಶ್ನೆಯ ಚೌಕಟ್ಟಿಗೆ ನನ್ನ ಒಪ್ಪಿಗೆಯಿಲ್ಲ. ಅದನ್ನು 1939ರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಮ್ಯುನಿಸ್ಟ್ ಆಳ್ವಿಕೆ ಮುಗಿದ ಮೇಲೆ ಹಳೆಯ ಅಧಿಕಾರಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೊರಹಾಕಲಾಯಿತು. ಉಳಿದವರಿಗೆ ಸಂಬಳವೂ ಅಲ್ಪ, ಮರ್ಯಾದೆಯೂ ಅಲ್ಪ. ಜನರ ಉಳಿತಾಯವನ್ನೆಲ್ಲ ನುಂಗಿದ, ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಬಡ್ಡಿ ಕೊಡುವ ಪಿರಮಿಡ್ ಯೋಜನೆಗಳು 1997ರ ಆರಂಭದಲ್ಲಿ ಒಂದೊಂದಾಗಿ ಮುಳುಗಿದವು. ಹಣ ಕಳೆದುಕೊಂಡವರಲ್ಲಿ ಸೈನಿಕರ ತಂದೆ ತಾಯಿಯರೂ ಇದ್ದರು. ವ್ಲೋರಾದಲ್ಲಿ ಹೊತ್ತಿಕೊಂಡ ಪ್ರತಿಭಟನೆ ದಕ್ಷಿಣಕ್ಕೆಲ್ಲ ಹಬ್ಬಿತು. ಮಾರ್ಚ್ 2ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅಧ್ಯಕ್ಷ ಸಾಲಿ ಬೆರಿಷಾ ಸೇನೆಯನ್ನು ದಂಗೆಯ ವಿರುದ್ಧ ಕಳುಹಿಸಿದಾಗ ಸೈನಿಕರು ಸಮವಸ್ತ್ರ ಕಳಚಿ ಮನೆಗೆ ಹೋದರು. ಇಬ್ಬರು ವಾಯುಪಡೆ ಅಧಿಕಾರಿಗಳು ತಮ್ಮ ಹಳೆಯ ಮಿಗ್ ವಿಮಾನವನ್ನು ಇಟಲಿಗೆ ಹಾರಿಸಿಕೊಂಡು ಹೋಗಿ, ನಾಗರಿಕರ ಮೇಲೆ ದಾಳಿ ಮಾಡುವ ಆದೇಶವನ್ನು ತಾವು ಪಾಲಿಸಲಾರೆವೆಂದು ಹೇಳಿ ಆಶ್ರಯ ಬೇಡಿದರು.

ಸ್ವಂತ ಜನರ ಮೇಲೆ ಗುಂಡು ಹಾರಿಸದ ಸೈನಿಕರನ್ನು ಹೇಡಿಗಳೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಅವರು ಕಾವಲು ಬಿಟ್ಟ ಶಸ್ತ್ರಾಗಾರಗಳಿಂದ ಐದು ಲಕ್ಷಕ್ಕೂ ಹೆಚ್ಚು ಆಯುಧಗಳು ಲೂಟಿಯಾದವೆಂಬುದೂ, ಆ ವರ್ಷದ ಹಿಂಸೆಯಲ್ಲಿ ಸುಮಾರು ಎರಡು ಸಾವಿರ ಜನ ಸತ್ತರೆಂಬುದೂ ಅಷ್ಟೇ ಸತ್ಯ. ಇಡೀ ಜನತೆಗೆ ಆಯುಧ ಹಂಚುವ ಸಿದ್ಧಾಂತದಿಂದ ಪ್ರತಿ ಊರಿನ ಬಳಿಯೂ ಶೇಖರಿಸಿಟ್ಟಿದ್ದ ಬಂದೂಕುಗಳು ಅವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆಯೊಂದಿಗೆ ಇಟಲಿಯ ನೇತೃತ್ವದಲ್ಲಿ ಸುಮಾರು 7,000 ಸೈನಿಕರ ಬಹುರಾಷ್ಟ್ರೀಯ ಪಡೆ ಏಪ್ರಿಲ್‌ನಲ್ಲಿ ಬಂದಿಳಿಯಿತು, ಜೂನ್ ಕೊನೆಗೆ ಚುನಾವಣೆ ನಡೆಯಿತು. ಲೂಟಿಯಾದ ಆಯುಧಗಳಲ್ಲಿ ಬಹಳಷ್ಟು ಗಡಿ ದಾಟಿ, ಸರ್ಬಿಯಾದ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ನೆರೆಯ ಕೊಸೊವೊದ ವಿಮೋಚನಾ ಸೇನೆಯ ಕೈ ಸೇರಿದವು.

ಇಂದಿನ ಸೇನೆ ಆ ಶೂನ್ಯದಿಂದ ಕಟ್ಟಿದ್ದು. 1999ರ ಕೊಸೊವೊ ಯುದ್ಧದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಗಡಿ ದಾಟಿ ಬಂದಾಗ ದೇಶ ಅವರನ್ನು ಸ್ವೀಕರಿಸಿತು, ನ್ಯಾಟೋ ಪಡೆಗಳಿಗೂ ನೆಲೆ ಕೊಟ್ಟಿತು. ಬೋಸ್ನಿಯಾ, ಅಫ್ಘಾನಿಸ್ತಾನ, ಇರಾಕ್‌ಗಳಿಗೆ ಅಲ್ಬೇನಿಯನ್ ತುಕಡಿಗಳು ಹೋದವು. 2007ರಲ್ಲಿ ತನ್ನಲ್ಲಿದ್ದ ರಾಸಾಯನಿಕ ಅಸ್ತ್ರಗಳ ದಾಸ್ತಾನನ್ನು ಪೂರ್ತಿಯಾಗಿ ನಾಶಪಡಿಸಿ, ಅಂತರರಾಷ್ಟ್ರೀಯ ಒಪ್ಪಂದದಡಿ ಹಾಗೆ ಮಾಡಿದ ಮೊದಲ ರಾಷ್ಟ್ರವಾಯಿತು. 2009ರ ಏಪ್ರಿಲ್ 1ರಂದು ಕ್ರೊಯೇಷಿಯಾದೊಂದಿಗೆ ನ್ಯಾಟೋ ಸದಸ್ಯತ್ವ ಪಡೆಯಿತು. 2010ರ ಹೊತ್ತಿಗೆ ಕಡ್ಡಾಯ ಸೇನಾ ಸೇವೆ ನಿಂತು, ಪೂರ್ಣ ವೃತ್ತಿಪರ ಸೇನೆ ಬಂದಿತು.

ಹಳೆಯ ಮದ್ದುಗುಂಡುಗಳು ಮಾತ್ರ ಸುಲಭವಾಗಿ ಬಿಟ್ಟುಹೋಗಲಿಲ್ಲ. 2008ರ ಮಾರ್ಚ್ 15ರಂದು ಟಿರಾನಾದ ಹೊರವಲಯದ ಗೆರ್ದೆಚ್ ಗ್ರಾಮದಲ್ಲಿ, ಹಳೆಯ ಗುಂಡುಗಳನ್ನು ಬಿಚ್ಚಿ ನಿಷ್ಕ್ರಿಯಗೊಳಿಸುತ್ತಿದ್ದ ಘಟಕ ಸ್ಫೋಟಗೊಂಡು 26 ಜನ ಸತ್ತರು, ಮುನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನ್ಯಾಟೋ ಸೇರುವ ಸಂಭ್ರಮದ ಮಾತುಗಳ ನಡುವೆ ಈ ಕಾರ್ಮಿಕರ ಸಾವು ಮರೆಯಾಗಬಾರದೆಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ 4: ನಿವೃತ್ತ ಉಪನ್ಯಾಸಕ, ಮೈಸೂರು

ಮೇಲಿನ ಸೋದರಿ 1997ನ್ನು ಬೇರೆಯಾಗಿ ನೋಡಬೇಕೆಂದದ್ದು ಸರಿಯೆಂದು ನನಗೂ ತೋರುತ್ತದೆ. ಆದರೂ ಎರಡಕ್ಕೂ ಸಮಾನವಾದ ಒಂದು ಅಂಶ ಉಳಿಯುತ್ತದೆ: ಎರಡು ಸಲವೂ ಸೈನಿಕನಿಗೆ ತಾನು ಯಾರ ಪರವಾಗಿ ನಿಲ್ಲಬೇಕೆಂಬುದು ಸ್ಪಷ್ಟವಿರಲಿಲ್ಲ. 1939ರಲ್ಲಿ ಓಡಿಹೋಗುತ್ತಿದ್ದ ರಾಜ, 1997ರಲ್ಲಿ ಜನರ ನಂಬಿಕೆ ಕಳೆದುಕೊಂಡ ಅಧ್ಯಕ್ಷ. ಪ್ರಶ್ನೆ ಕೇಳಿದವರು ದೇಶವೋ ಆಳುವವರೋ ಎಂದು ಕೇಳಿದ್ದರು. ಬಹುಕಾಲ ಆಳುವವರದೇ ಸೇನೆಯಾಗಿತ್ತು. ಆದ್ದರಿಂದ ಆಳುವವರು ಬಿದ್ದಾಗ ಅದೂ ಬಿತ್ತು ಎಂಬುದೇ ನನ್ನ ಉತ್ತರ.

ಇನ್ನೊಂದು ವಿಷಯವನ್ನು ಸೇರಿಸುತ್ತೇನೆ. ಯಾರನ್ನೂ ನೆಚ್ಚದೆ ನಿಲ್ಲಬೇಕೆಂದು ಹೋಜಾ ಹಟ ಹಿಡಿದಿದ್ದ ದೇಶ ಇಂದು ಯುದ್ಧವಿಮಾನಗಳನ್ನೇ ಇಟ್ಟುಕೊಂಡಿಲ್ಲ. 2005ರಲ್ಲಿ ಹಳೆಯ ಮಿಗ್‌ಗಳನ್ನು ಸೇವೆಯಿಂದ ತೆಗೆದ ಮೇಲೆ ಅದರ ಆಕಾಶವನ್ನು ನ್ಯಾಟೋ ಪರವಾಗಿ ಇಟಲಿ ಮತ್ತು ಗ್ರೀಸ್‌ಗಳ ವಿಮಾನಗಳು ಕಾಯುತ್ತಿವೆ. ಎರಡೂ ಒಂದು ಕಾಲದ ಆಕ್ರಮಣಕಾರರು. ಕಮ್ಯುನಿಸ್ಟ್ ಕಾಲದಲ್ಲಿ ಸ್ಟಾಲಿನ್ ನಗರವೆಂದು ಹೆಸರಿಟ್ಟಿದ್ದ ಕುಚೋವಾದ ವಿಮಾನ ನೆಲೆಯನ್ನು ನ್ಯಾಟೋ ಹಣದಿಂದ ನವೀಕರಿಸಿ 2024ರ ಮಾರ್ಚ್‌ನಲ್ಲಿ ಮತ್ತೆ ತೆರೆಯಲಾಯಿತು. 2019ರ ನವೆಂಬರ್ 26ರ ಭೂಕಂಪದಲ್ಲಿ 51 ಜನ ಸತ್ತಾಗ ಡುರೆಸ್ ಮತ್ತು ಥುಮಾನಾದಲ್ಲಿ ಅವಶೇಷಗಳ ಅಡಿಯಿಂದ ಜನರನ್ನು ಹೊರತೆಗೆಯಲು ಸೈನಿಕರು ನೆರೆಯ ದೇಶಗಳಿಂದ ಬಂದ ರಕ್ಷಣಾ ತಂಡಗಳೊಂದಿಗೆ ದುಡಿದರು. ಹತ್ತು ಸಾವಿರವನ್ನೂ ಮುಟ್ಟದ ಈಗಿನ ಸೇನೆಗೆ ದಿನನಿತ್ಯ ಬೀಳುವ ಕೆಲಸ ಹೆಚ್ಚಾಗಿ ಇಂಥದ್ದೇ: ನೆರೆ, ಕಾಡ್ಗಿಚ್ಚು, ಕರಾವಳಿಯ ಕಾವಲು, ಮಿತ್ರರಾಷ್ಟ್ರಗಳ ಜೊತೆಗಿನ ಕಾರ್ಯಾಚರಣೆ.